ನೆಟ್ ಇದೆ, ಆದರೆ ಓಡುತ್ತಿಲ್ಲ: ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್ ಎಲ್ಲಿ ಕೈಕೊಡುತ್ತದೆ?

ನೆಟ್‌ವರ್ಕ್ ಪೂರ್ತಿ ನಿಂತುಹೋದರೆ ಕಾರಣ ಹುಡುಕುವುದು ಅಷ್ಟು ಕಷ್ಟವಲ್ಲ. ಕೇಬಲ್ ಕಳಚಿರುತ್ತದೆ, ಸ್ವಿಚ್ ಆಫ್ ಆಗಿರುತ್ತದೆ, ಇಲ್ಲವೇ ಬಿಲ್ ಕಟ್ಟಿರುವುದಿಲ್ಲ. ತಲೆ ತಿನ್ನುವುದು ಅರ್ಧಂಬರ್ಧ ಕೆಲಸ ಮಾಡುವ ನೆಟ್‌ವರ್ಕ್.

ಒಂದು ಆಡಿಟರ್ ಆಫೀಸನ್ನೇ ತಗೊಳ್ಳಿ. ಒಂದು ಕಂಪ್ಯೂಟರಿನಲ್ಲಿ ಟ್ಯಾಲಿ ಡೇಟಾ ಇದೆ. ಉಳಿದ ನಾಲ್ಕೈದು ಕಂಪ್ಯೂಟರುಗಳು ಒಂದು ನೆಟ್‌ವರ್ಕ್ ಸ್ವಿಚ್ (ಎಲ್ಲ ಕೇಬಲುಗಳನ್ನು ಜೋಡಿಸುವ ಪೆಟ್ಟಿಗೆ) ಮೂಲಕ ಅದೇ ಡೇಟಾ ತೆರೆಯುತ್ತವೆ. ಎಲ್ಲರ ಮೇಜಿನಲ್ಲೂ ಕೆಲಸ ಸಲೀಸು. ಮೂಲೆಯ ಒಂದು ಮೇಜಿನಲ್ಲಿ ಮಾತ್ರ ಲೆಡ್ಜರ್ ತೆರೆಯಲು ಅರ್ಧ ನಿಮಿಷ ಕಾಯಬೇಕು. ಸರ್ವಿಸ್‌ಗೆ ಬಂದವರು ಪಿಂಗ್ ಮಾಡಿ, ಅಂದರೆ ಒಂದು ಪ್ಯಾಕೆಟ್ (ಡೇಟಾದ ಸಣ್ಣ ಕಂತೆ) ಕಳಿಸಿ ಉತ್ತರ ಬರುತ್ತದಾ ಎಂದು ನೋಡುತ್ತಾರೆ. ಉತ್ತರ ಒಂದು ಮಿಲಿಸೆಕೆಂಡಿನೊಳಗೆ ಬರುತ್ತದೆ, ಒಂದು ಪ್ಯಾಕೆಟ್ಟೂ ಕಳೆದುಹೋಗಿಲ್ಲ. ‘ನೆಟ್‌ವರ್ಕ್ ಸರಿ ಇದೆ ಸರ್, ವಿಂಡೋಸ್ ಫಾರ್ಮ್ಯಾಟ್ ಮಾಡಬೇಕು’ ಅನ್ನುತ್ತಾರೆ. ಫಾರ್ಮ್ಯಾಟ್ ಆಗುತ್ತದೆ. ಲೆಡ್ಜರ್ ಮಾತ್ರ ಹಾಗೇ ತೆವಳುತ್ತದೆ.

ಇಂಥ ಕಡೆ ಕಂಪ್ಯೂಟರಿನಲ್ಲಿ ಕೇಬಲ್ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್ ನೋಡಬೇಕು. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಕಾರ್ಡಿನ ಸೆಟ್ಟಿಂಗ್ ಒಂದು ಕಂಪ್ಯೂಟರಿನ ಸ್ವಂತ ವಿಷಯ ಅಲ್ಲ. ಕೇಬಲಿನ ಎರಡು ತುದಿಗಳು ಮಾಡಿಕೊಂಡ ಒಪ್ಪಂದ ಅದು. ಕಂಪ್ಯೂಟರಿನ ಕಡೆ ಮಾತ್ರ ನೋಡಿ, ಸ್ವಿಚ್ಚಿನ ಕಡೆ ನೋಡದೆ ಎದ್ದುಹೋದರೆ ತೊಂದರೆ ಕಣ್ಣಿಗೇ ಬೀಳುವುದಿಲ್ಲ.

ಮೊದಲು ಅಂಕಿ ಓದಿ

‘ಸ್ಲೋ’ ಅನ್ನುವ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಎಷ್ಟು ಸ್ಲೋ ಎಂಬ ಅಂಕಿ ಸಿಕ್ಕಿದರೆ ಅರ್ಧ ಕಾರಣ ಸಿಕ್ಕಂತೆ.

ಕೇಬಲ್ ನೆಟ್‌ವರ್ಕ್ ಕಾರ್ಡುಗಳು ಸಾಮಾನ್ಯವಾಗಿ ಮೂರು ವೇಗದಲ್ಲಿ ಓಡುತ್ತವೆ: ಸೆಕೆಂಡಿಗೆ 10 ಮೆಗಾಬಿಟ್, 100 ಮೆಗಾಬಿಟ್, 1000 ಮೆಗಾಬಿಟ್. ಕೊನೆಯದನ್ನೇ ಗಿಗಾಬಿಟ್ ಅನ್ನುವುದು. ಈಗಿನ ಹೊಸ ಬೋರ್ಡುಗಳಲ್ಲಿ 2.5 ಗಿಗಾಬಿಟ್ ಕೂಡ ಬರುತ್ತದೆ. ಈ ವೇಗ ಪೂರ್ತಿ ನಮ್ಮ ಫೈಲಿಗೆ ಸಿಗುವುದಿಲ್ಲ. ಪ್ರತಿ ಪ್ಯಾಕೆಟ್ಟಿಗೂ ವಿಳಾಸ, ತಪ್ಪು ಪತ್ತೆಯ ಸಂಖ್ಯೆ, ಎರಡು ಪ್ಯಾಕೆಟ್‌ಗಳ ನಡುವೆ ಬಿಡುವ ಜಾಗ ಎಂದು ಒಂದಿಷ್ಟು ಹೋಗುತ್ತದೆ. ಲೆಕ್ಕ ಹಾಕಿದರೆ ತಂತಿಯ ಮೇಲೆ ಹೋಗುವ ಪ್ರತಿ 1538 ಬೈಟ್‌ನಲ್ಲಿ ನಮ್ಮ ಡೇಟಾ 1460 ಬೈಟ್. ಅಂದರೆ ಸುಮಾರು 95 ಪರ್ಸೆಂಟ್.

ಹಾಗಾಗಿ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಸ್ಪೀಡ್ ಟೆಸ್ಟ್ ಪ್ರತಿ ಸಲ 93, 94ರ ಹತ್ತಿರ ಬಂದು ನಿಲ್ಲುತ್ತಿದ್ದರೆ ದಾರಿಯಲ್ಲಿ ಎಲ್ಲೋ ಒಂದು ಲಿಂಕ್ (ಎರಡು ಸಾಧನಗಳ ನಡುವಿನ ಕೇಬಲ್ ಸಂಪರ್ಕ) 100ಕ್ಕೆ ಇಳಿದಿದೆ. 9 ಚಿಲ್ಲರೆಗೆ ನಿಂತರೆ 10ಕ್ಕೆ ಇಳಿದಿದೆ. 940ರ ಆಸುಪಾಸು ಬಂದರೆ ಗಿಗಾಬಿಟ್ ಸರಿಯಾಗಿ ಓಡುತ್ತಿದೆ. ಮನೆಗೆ 200 ಅಥವಾ 300 ಮೆಗಾಬಿಟ್ ಫೈಬರ್ ಪ್ಲ್ಯಾನ್ ಹಾಕಿಸಿಕೊಂಡು 94 ಮಾತ್ರ ಬರುತ್ತಿದೆ ಎಂದು ಕಂಪನಿಗೆ ಫೋನ್ ಮಾಡುವವರು ಬಹಳ ಮಂದಿ. ಅದರಲ್ಲಿ ಎಷ್ಟೋ ಸಲ ಫೈಬರ್ ಸರಿಯಾಗಿಯೇ ಇರುತ್ತದೆ. ರೌಟರಿನ ಲ್ಯಾನ್ ಪೋರ್ಟೇ 100ರದ್ದು ಆಗಿರುತ್ತದೆ, ಇಲ್ಲವೇ ರೌಟರಿನಿಂದ ಕಂಪ್ಯೂಟರಿಗೆ ಬರುವ ಕೇಬಲ್ ಗಿಗಾಬಿಟ್ ಹೊರುತ್ತಿರುವುದಿಲ್ಲ.

ಫೈಲ್ ಕಾಪಿ ಮಾಡುವಾಗ ವಿಂಡೋಸ್ ತೋರಿಸುವುದು ಮೆಗಾಬೈಟ್, ಮೆಗಾಬಿಟ್ ಅಲ್ಲ. ಮೆಗಾಬಿಟ್ಟನ್ನು 8ರಿಂದ ಭಾಗಿಸಬೇಕು. ಗಿಗಾಬಿಟ್ ಲಿಂಕಿನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್, 100ರ ಲಿಂಕಿನಲ್ಲಿ 11, 10ರ ಲಿಂಕಿನಲ್ಲಿ ಒಂದು ಚಿಲ್ಲರೆ. ಒಂದು ಗಿಗಾಬೈಟಿನ ಫೈಲು ಗಿಗಾಬಿಟ್‌ನಲ್ಲಿ ಹತ್ತು ಸೆಕೆಂಡಿನೊಳಗೆ ಹೋದರೆ, 100ರಲ್ಲಿ ಒಂದೂವರೆ ನಿಮಿಷ ಹಿಡಿಯುತ್ತದೆ, 10ರಲ್ಲಿ ಹದಿನೈದು ನಿಮಿಷ.

ಇನ್ನು ಈ ಮೂರರಲ್ಲಿ ಯಾವುದಕ್ಕೂ ಹೊಂದದ ಅಂಕಿ ಬಂದರೆ? ಒಮ್ಮೆ 3, ಒಮ್ಮೆ 20, ಮತ್ತೆ ಸೊನ್ನೆ, ಹೀಗೆ ಜಿಗಿಯುತ್ತಿದ್ದರೆ? ಕಳಿಸುವಾಗ ವೇಗ, ತರಿಸುವಾಗ ಮಾತ್ರ ನಿಧಾನ ಎಂದಿದ್ದರೆ? ಆಗ ಪ್ಯಾಕೆಟ್‌ಗಳು ದಾರಿಯಲ್ಲಿ ಹಾಳಾಗುತ್ತಿವೆ ಎಂದರ್ಥ. ನಮ್ಮ ಆಡಿಟರ್ ಆಫೀಸಿನ ಮೂಲೆ ಮೇಜಿನ ಕಥೆ ಬಹುಪಾಲು ಇದೇ.

ಅಳೆಯುವಾಗ ಇಂಟರ್ನೆಟ್ಟನ್ನು ಬಿಟ್ಟುಬಿಡಿ. ಒಳಗಿನ ಎರಡು ಕಂಪ್ಯೂಟರುಗಳ ನಡುವೆ ಅಳೆಯಿರಿ. ಫೈಲ್ ಕಾಪಿಯಲ್ಲಿ ಹಾರ್ಡ್ ಡಿಸ್ಕಿನ ನಿಧಾನವೂ ಸೇರಿಕೊಳ್ಳುತ್ತದೆ, ಆಂಟಿವೈರಸ್ಸಿನದ್ದೂ ಸೇರುತ್ತದೆ. ಅದಕ್ಕೆ ಐಪರ್ಫ್3 ಎಂಬ ಉಚಿತ ಸಾಧನ ಒಳ್ಳೆಯದು. ಒಂದು ಕಂಪ್ಯೂಟರಿನಲ್ಲಿ ಸರ್ವರ್ ಆಗಿ, ಇನ್ನೊಂದರಲ್ಲಿ ಕ್ಲೈಂಟ್ ಆಗಿ ಓಡಿಸಿದರೆ ಡಿಸ್ಕ್ ಮುಟ್ಟದೆ ಬರೀ ನೆಟ್‌ವರ್ಕಿನ ವೇಗ ಹೇಳುತ್ತದೆ. ದಿಕ್ಕು ತಿರುಗಿಸಿ ಅಳೆಯುವ ಆಯ್ಕೆಯೂ ಇದೆ. ಎರಡೂ ದಿಕ್ಕು ಅಳೆಯದೆ ಬಿಡಬೇಡಿ.

ಪಿಂಗ್ ಯಾಕೆ ಸುಳ್ಳು ಭರವಸೆ ಕೊಡುತ್ತದೆ

ಇದನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಈಥರ್ನೆಟ್, ಅಂದರೆ ನಾವು ಬಳಸುವ ಕೇಬಲ್ ನೆಟ್‌ವರ್ಕಿನ ಪದ್ಧತಿ, ಹುಟ್ಟಿದ್ದು 1973ರಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ರಾಬರ್ಟ್ ಮೆಟ್‌ಕಾಫ್ ಅವರಿಗೆ 2022ರ ಟ್ಯೂರಿಂಗ್ ಪ್ರಶಸ್ತಿ ಬಂತು. ಆಗ ಎಲ್ಲ ಕಂಪ್ಯೂಟರುಗಳೂ ಒಂದೇ ತಂತಿಗೆ ಜೋತುಬಿದ್ದಿದ್ದವು. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ಡಿಕ್ಕಿ. ಡಿಕ್ಕಿ ಆಯಿತು ಅಂತ ಗೊತ್ತಾದ ಕೂಡಲೇ ಇಬ್ಬರೂ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಈ ಕ್ರಮಕ್ಕೆ ಹಾಫ್ ಡ್ಯೂಪ್ಲೆಕ್ಸ್ ಎಂದು ಹೆಸರು.

ಸ್ವಿಚ್ಚುಗಳು ಬಂದ ಮೇಲೆ ಪ್ರತಿ ಕಂಪ್ಯೂಟರಿಗೂ ಅದರದ್ದೇ ಕೇಬಲ್ ಸಿಕ್ಕಿತು. ಕಳಿಸಲು ಒಂದು ಜೋಡಿ ತಂತಿ, ತರಿಸಲು ಇನ್ನೊಂದು. ಎರಡೂ ಕಡೆಯವರು ಒಟ್ಟಿಗೆ ಮಾತಾಡಬಹುದು, ಡಿಕ್ಕಿಯ ಮಾತೇ ಇಲ್ಲ. ಇದು ಫುಲ್ ಡ್ಯೂಪ್ಲೆಕ್ಸ್.

ಹಳೆಯ ಕ್ರಮ, ಹೊಸ ಕ್ರಮ ಎರಡೂ ಇದ್ದುದರಿಂದ ತುದಿಗಳು ಮೊದಲು ಪರಸ್ಪರ ಕೇಳಿಕೊಳ್ಳಬೇಕಾಯಿತು: ನೀನು ಎಷ್ಟು ವೇಗ, ಹಾಫಾ, ಫುಲ್ಲಾ? ಆಟೋ ನೆಗೋಷಿಯೇಷನ್ ಅನ್ನುವುದು ಇದನ್ನೇ. 1995ರಲ್ಲಿ 100 ಮೆಗಾಬಿಟ್ ಈಥರ್ನೆಟ್ ಜತೆಗೇ ಇದು ಮಾನದಂಡಕ್ಕೆ ಸೇರಿತು. ಕೇಬಲ್ ಚುಚ್ಚಿದ ಕ್ಷಣ ಎರಡೂ ತುದಿಗಳು ಸಣ್ಣ ಮಿಡಿತಗಳಲ್ಲಿ ತಮಗೆ ಏನೇನು ಬರುತ್ತದೆ ಎಂಬ ಪಟ್ಟಿ ಕಳಿಸುತ್ತವೆ. ಎರಡಕ್ಕೂ ಬರುವ ಅತಿ ಒಳ್ಳೆಯದನ್ನು ಆರಿಸಿಕೊಳ್ಳುತ್ತವೆ.

ಈಗ ಯಾರೋ ಸ್ವಿಚ್ಚಿನ ಕಡೆ ‘100, ಫುಲ್ ಡ್ಯೂಪ್ಲೆಕ್ಸ್’ ಎಂದು ಕೈಯಾರೆ ಗಟ್ಟಿ ಮಾಡಿದ್ದಾರೆ ಅಂದುಕೊಳ್ಳಿ. ಕಂಪ್ಯೂಟರಿನ ಕಡೆ ಆಟೋ ಇದೆ. ಕೈಯಾರೆ ಗಟ್ಟಿ ಮಾಡಿದ ತುದಿ ಸಾಮಾನ್ಯವಾಗಿ ಪಟ್ಟಿ ಕಳಿಸುವುದನ್ನೇ ನಿಲ್ಲಿಸುತ್ತದೆ. ಕಂಪ್ಯೂಟರ್ ಕೇಳುತ್ತದೆ, ಉತ್ತರ ಇಲ್ಲ. ತಂತಿಯ ಮೇಲಿನ ಸಂಕೇತ ನೋಡಿ ವೇಗ 100 ಎಂದು ಗುರುತಿಸುತ್ತದೆ. ಆದರೆ ಹಾಫಾ ಫುಲ್ಲಾ ಎಂದು ಸಂಕೇತದಿಂದ ತಿಳಿಯಲು ದಾರಿ ಇಲ್ಲ. ಹಾಗೆ ತಿಳಿಯದಿದ್ದಾಗ ಹಾಫ್ ಎಂದು ಇಟ್ಟುಕೊಳ್ಳಬೇಕು ಎನ್ನುವುದು ಮಾನದಂಡದ ನಿಯಮ. ಕಂಪ್ಯೂಟರ್ ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್. ಎರಡೂ ಕಡೆ ದೀಪ ಉರಿಯುತ್ತದೆ, ಎರಡೂ ಕಡೆ 100 ಎಂದೇ ತೋರಿಸುತ್ತದೆ.

ಒಂದೇ ಗಾಡಿ ಹಿಡಿಸುವ ಸೇತುವೆಯನ್ನು ನೆನೆಸಿಕೊಳ್ಳಿ. ಈ ದಡದವರು ಆ ಕಡೆಯಿಂದ ಗಾಡಿ ಬರುತ್ತಿದೆಯಾ ನೋಡಿ ಏರುತ್ತಾರೆ. ಆ ದಡದವರಿಗೆ ಮಾತ್ರ ಇದು ಅಗಲದ ಸೇತುವೆ ಎಂದು ಯಾರೋ ಹೇಳಿಬಿಟ್ಟಿದ್ದಾರೆ, ಅವರು ನೋಡದೆ ನುಗ್ಗುತ್ತಾರೆ. ಗಾಡಿಗಳು ಅಪರೂಪವಾದರೆ ಏನೂ ಆಗುವುದಿಲ್ಲ. ಸಂತೆಯ ದಿನ ಆಗುವುದು ಬೇರೆ.

ಪಿಂಗ್ ಅಂದರೆ ಅಪರೂಪದ ಗಾಡಿ. ಒಂದು ಸಣ್ಣ ಪ್ಯಾಕೆಟ್ ಹೋಗುತ್ತದೆ, ಅದು ಮುಟ್ಟಿದ ಮೇಲೆ ಒಂದು ವಾಪಸ್ ಬರುತ್ತದೆ. ಎರಡೂ ಎದುರುಬದುರು ಆಗುವುದೇ ಇಲ್ಲ. ಅದಕ್ಕೇ ಪಿಂಗ್ ಯಾವಾಗಲೂ ಚೆನ್ನಾಗಿ ಕಾಣುತ್ತದೆ. ಫೈಲ್ ಕಾಪಿ ಹಾಗಲ್ಲ. ಡೇಟಾ ಒಂದು ದಿಕ್ಕಿನಲ್ಲಿ ಸುರಿಯುತ್ತಿರುವಾಗಲೇ, ‘ತಲುಪಿತು, ತಲುಪಿತು’ ಎಂಬ ಸಣ್ಣ ಉತ್ತರಗಳು ಎದುರು ದಿಕ್ಕಿನಲ್ಲಿ ಹೋಗುತ್ತಿರುತ್ತವೆ. ಹಾಫ್ ಕಡೆಯ ಕಾರ್ಡು ತನ್ನ ಪ್ಯಾಕೆಟ್ ಕಳಿಸುತ್ತಿರುವಾಗ ಎದುರಿನಿಂದ ಬಂದದ್ದನ್ನು ಡಿಕ್ಕಿ ಎಂದೇ ಓದಿ, ತನ್ನದನ್ನು ಅರ್ಧಕ್ಕೆ ಕತ್ತರಿಸುತ್ತದೆ. ಆ ತುಂಡು ಫುಲ್ ಕಡೆಗೆ ಹಾಳಾದ ಪ್ಯಾಕೆಟ್ ಆಗಿ ತಲುಪುತ್ತದೆ, ಅದು ಎಸೆಯುತ್ತದೆ. ಡಿಕ್ಕಿ ಪ್ಯಾಕೆಟ್ಟಿನ ಮೊದಲ 64 ಬೈಟಿನೊಳಗೆ ಆದರೆ ಕಾರ್ಡು ತಾನೇ ಮತ್ತೆ ಕಳಿಸುತ್ತದೆ. ಅದರ ನಂತರ ಆದರೆ ಕಾರ್ಡು ಕೈಚೆಲ್ಲುತ್ತದೆ. ಇದಕ್ಕೆ ಲೇಟ್ ಕೊಲಿಷನ್ ಎಂದು ಹೆಸರು. ಆ ಪ್ಯಾಕೆಟ್ ಕಳೆದದ್ದು ಮೇಲಿನ ಟಿಸಿಪಿಗೆ (ಡೇಟಾ ಪೂರ್ತಿ ತಲುಪಿತಾ ಎಂದು ನೋಡಿಕೊಳ್ಳುವ ಸಾಫ್ಟ್‌ವೇರ್ ಪದರಕ್ಕೆ) ಗೊತ್ತಾಗಿ, ಅದು ಮತ್ತೆ ಕಳಿಸಬೇಕು.

ಇಲ್ಲೇ ಸಮಯ ಸೋರಿಹೋಗುವುದು. ಟಿಸಿಪಿ ಕೆಲವೊಮ್ಮೆ ಕಳೆದದ್ದನ್ನು ಬೇಗ ಕಂಡುಹಿಡಿಯುತ್ತದೆ, ಕೆಲವೊಮ್ಮೆ 200 ಮಿಲಿಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಕಾಯುತ್ತದೆ. 100 ಮೆಗಾಬಿಟ್ ಲಿಂಕ್ 200 ಮಿಲಿಸೆಕೆಂಡಿನಲ್ಲಿ 25 ಲಕ್ಷ ಬೈಟ್ ಸಾಗಿಸಬಲ್ಲದು. ಬರೀ 1500 ಬೈಟಿನ ಒಂದು ಪ್ಯಾಕೆಟ್ ಕಳೆದದ್ದಕ್ಕೆ ಅಷ್ಟು ಹೊತ್ತು ತಂತಿ ಖಾಲಿ. ಇದರ ಮೇಲೆ ಟಿಸಿಪಿ ದಾರಿಯಲ್ಲಿ ದಟ್ಟಣೆ ಇದೆ ಎಂದು ಭಾವಿಸಿ ತನ್ನ ವೇಗವನ್ನೂ ಇಳಿಸಿಕೊಳ್ಳುತ್ತದೆ. ಲೆಡ್ಜರ್ ತೆರೆಯಲು ಅರ್ಧ ನಿಮಿಷ ಯಾಕೆ ಹಿಡಿಯುತ್ತದೆ ಎಂದು ಈಗ ಗೊತ್ತಾಗುತ್ತದೆ ಅಲ್ವಾ?

ಕೈಯಾರೆ ಗಟ್ಟಿ ಮಾಡುವ ಅಭ್ಯಾಸ ಸುಮ್ನೆ ಹುಟ್ಟಿದ್ದಲ್ಲ. ಮಾನದಂಡದ ಮೊದಲ ರೂಪದಲ್ಲಿ ಕೆಲವು ವಿಷಯಗಳು ಸ್ಪಷ್ಟ ಇರಲಿಲ್ಲ. ಒಂದು ಕಂಪನಿಯ ಕಾರ್ಡು ಇನ್ನೊಂದು ಕಂಪನಿಯ ಸ್ವಿಚ್ ಜತೆ ಒಪ್ಪಂದಕ್ಕೆ ಬರದೆ ಒದ್ದಾಡುತ್ತಿತ್ತು. ಆ ಕಾಲದಲ್ಲಿ ಕೆಲಸ ಕಲಿತವರು ‘ಸರ್ವರ್ ಪೋರ್ಟನ್ನು ಆಟೋದಲ್ಲಿ ಬಿಡಬಾರದು’ ಎಂದು ಪಾಠ ಮಾಡಿಕೊಂಡರು. ಮುಂದೆ ಮಾನದಂಡ ಸರಿಹೋಯಿತು. ಗಿಗಾಬಿಟ್ ತಾಮ್ರದ ಕೇಬಲಿಗೆ 1999ರಲ್ಲಿ ಬಂದ ಮಾನದಂಡವಂತೂ ಆಟೋ ನೆಗೋಷಿಯೇಷನ್ ಇರಲೇಬೇಕು ಎನ್ನುತ್ತದೆ. ಎರಡು ತುದಿಗಳಲ್ಲಿ ಯಾರ ಗಡಿಯಾರ ನೋಡಿ ಓಡಬೇಕು ಎಂಬುದು ಕೂಡ ಅಲ್ಲೇ ತೀರ್ಮಾನ ಆಗುತ್ತದೆ. ಕಾರಣ ಹೋದರೂ ಅಭ್ಯಾಸ ಉಳಿದಿದೆ. ನನ್ನ ಅಭಿಪ್ರಾಯ ನೇರ: ಇವತ್ತು ಎರಡೂ ಕಡೆ ಆಟೋದಲ್ಲೇ ಇಡುವುದು ಸರಿ. ಎದುರಿನ ಸಾಧನ ಗಟ್ಟಿ ಮಾಡಿದ್ದೇ ಆಗಿದ್ದು, ಅದನ್ನು ಬದಲಿಸುವ ಅಧಿಕಾರ ನಮಗಿಲ್ಲದಿದ್ದರೆ ಮಾತ್ರ ನಮ್ಮ ಕಡೆಯೂ ಅದೇ ಅಂಕಿ ಇಡಬೇಕು. ಲೀಸ್ಡ್ ಲೈನ್ ಕೊಡುವವರ ಪೆಟ್ಟಿಗೆ, ಹಳೆಯ ಹಾಜರಾತಿ ಯಂತ್ರ, ಕಾರ್ಖಾನೆಯ ಹಳೆಯ ಸಿಎನ್‌ಸಿ ಮೆಷಿನ್ ಇಂಥ ಕಡೆ ಈ ಪ್ರಸಂಗ ಬರುತ್ತದೆ.

ಎಲ್ಲಿ ನೋಡಬೇಕು

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್ನೆಟ್ ಎಂದು ಹೋದರೆ ಲಿಂಕ್ ಸ್ಪೀಡ್ ಕಾಣುತ್ತದೆ. ಡ್ಯೂಪ್ಲೆಕ್ಸ್ ಅಲ್ಲಿ ಸಿಗುವುದಿಲ್ಲ. ಅದಕ್ಕೆ ಪವರ್‌ಶೆಲ್ ತೆರೆದು ಗೆಟ್-ನೆಟ್‌ಅಡಾಪ್ಟರ್ ಕಮಾಂಡಿನ ಪೂರ್ತಿ ವಿವರ ತರಿಸಬೇಕು. ಅದರಲ್ಲಿ ಫುಲ್‌ಡ್ಯೂಪ್ಲೆಕ್ಸ್ ಎಂಬ ಸಾಲಿನ ಮುಂದೆ ಟ್ರೂ ಇದೆಯೋ ಫಾಲ್ಸ್ ಇದೆಯೋ ನೋಡಿ. ಲಿನಕ್ಸ್‌ನಲ್ಲಿ ಎಥ್‌ಟೂಲ್ ಒಂದೇ ಸಾಕು. ವೇಗ, ಡ್ಯೂಪ್ಲೆಕ್ಸ್, ಆಟೋ ಇದೆಯೋ ಇಲ್ಲವೋ ಎಲ್ಲ ಒಟ್ಟಿಗೆ ಹೇಳುತ್ತದೆ. ಮ್ಯಾಕ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗಿನ ಒಳಗಿರುವ ಹಾರ್ಡ್‌ವೇರ್ ಭಾಗ ತೆರೆಯಿರಿ.

ಬದಲಿಸುವ ಜಾಗ ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್. ನೆಟ್‌ವರ್ಕ್ ಅಡಾಪ್ಟರ್ಸ್ ಬಿಚ್ಚಿ, ನಿಮ್ಮ ಕಾರ್ಡಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅಡ್ವಾನ್ಸ್ಡ್ ಟ್ಯಾಬ್. ಎಡಗಡೆ ಉದ್ದ ಪಟ್ಟಿ, ಬಲಗಡೆ ಅದರ ಬೆಲೆ (ವ್ಯಾಲ್ಯೂ). ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್ ಅನ್ನುವ ಸಾಲು ಇಲ್ಲೇ ಇರುವುದು.

ಸ್ವಿಚ್ಚಿನ ಕಡೆ? ಅಂಗಡಿಯಲ್ಲಿ ಸಿಗುವ ಸಾದಾ ಸ್ವಿಚ್ಚಿನಲ್ಲಿ ಸೆಟ್ಟಿಂಗ್ ಇರುವುದಿಲ್ಲ, ಅದು ಯಾವಾಗಲೂ ಆಟೋ. ಅಂದರೆ ಅಂಥ ಸ್ವಿಚ್ಚಿಗೆ ಸಿಕ್ಕಿಸಿದ ಕಂಪ್ಯೂಟರಿನಲ್ಲಿ ಯಾರಾದರೂ 100 ಫುಲ್ ಎಂದು ಗಟ್ಟಿ ಮಾಡಿದರೆ ತಪ್ಪು ಹೊಂದಾಣಿಕೆ ಹೆಚ್ಚುಕಡಿಮೆ ಖಚಿತ. ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಇರುವಂಥದ್ದು) ಆದರೆ ಬ್ರೌಸರಿನಲ್ಲಿ ತೆರೆದು ಪ್ರತಿ ಪೋರ್ಟಿನ ಎಣಿಕೆಗಳನ್ನು ನೋಡಬಹುದು. ಸಿಆರ್‌ಸಿ ಅಥವಾ ಎಫ್‌ಸಿಎಸ್ ಎರರ್ (ತಪ್ಪು ಪತ್ತೆಯ ಸಂಖ್ಯೆ ಹೊಂದದ ಪ್ಯಾಕೆಟ್‌ಗಳ ಎಣಿಕೆ) ಏರುತ್ತಿದ್ದರೆ ಒಡೆದ ಪ್ಯಾಕೆಟ್‌ಗಳು ಬರುತ್ತಿವೆ. ಲೇಟ್ ಕೊಲಿಷನ್ ಏರುತ್ತಿದ್ದರೆ ಬಹುಪಾಲು ಡ್ಯೂಪ್ಲೆಕ್ಸ್ ತಪ್ಪಿರುತ್ತದೆ. ಒಟ್ಟು ಎಣಿಕೆ ಎಷ್ಟಿದೆ ಅನ್ನುವುದು ಮುಖ್ಯ ಅಲ್ಲ, ಅದು ವರ್ಷದ ಹಿಂದಿನದೂ ಇರಬಹುದು. ಒಂದು ದೊಡ್ಡ ಫೈಲ್ ಕಾಪಿಗೆ ಹಾಕಿ, ಆಗ ಎಣಿಕೆ ಏರುತ್ತದಾ ಎಂದು ನೋಡಬೇಕು.

ಸೆಟ್ಟಿಂಗಿನ ತಪ್ಪೋ, ಕೇಬಲಿನ ತಪ್ಪೋ

ಗಿಗಾಬಿಟ್ ಕಾರ್ಡು, ಗಿಗಾಬಿಟ್ ಸ್ವಿಚ್ಚು, ಎರಡೂ ಆಟೋ, ಆದರೂ ಲಿಂಕ್ 100. ಆಗ ಸೆಟ್ಟಿಂಗ್ ಬಿಟ್ಟು ಕೇಬಲ್ ನೋಡಿ.

ಕೇಬಲಿನೊಳಗೆ ನಾಲ್ಕು ಜೋಡಿ, ಒಟ್ಟು ಎಂಟು ತಂತಿ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು: 1, 2, 3, 6ನೇ ಪಿನ್ನುಗಳು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನಮ್ಮ ಕಡೆ ಕ್ಯಾಮೆರಾ ಹಾಕುವವರು, ಆಫೀಸ್ ವೈರಿಂಗ್ ಮಾಡುವವರು ಎಷ್ಟೋ ಸಲ ನಾಲ್ಕು ತಂತಿ ಮಾತ್ರ ಕ್ರಿಂಪ್ ಮಾಡಿರುತ್ತಾರೆ (ಪ್ಲಗ್ಗಿಗೆ ಒತ್ತಿ ಕೂರಿಸಿರುತ್ತಾರೆ). ಇನ್ನು ಕೆಲವು ಕಡೆ ಒಂದೇ ಕೇಬಲನ್ನು ಸೀಳಿ, ನಾಲ್ಕು ತಂತಿ ಈ ಕಂಪ್ಯೂಟರಿಗೆ, ನಾಲ್ಕು ಆ ಕಂಪ್ಯೂಟರಿಗೆ ಎಂದು ಹಂಚಿರುತ್ತಾರೆ. 100ರ ಕಾಲದಲ್ಲಿ ಅದು ನಡೆಯುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಪ್ಪಂದದ ಮಾತುಕತೆ ನಡೆಯುವುದು ಮೊದಲ ಎರಡು ಜೋಡಿಗಳ ಮೇಲೆ ಮಾತ್ರ. ಆ ಎರಡು ಸರಿಯಿದ್ದರೆ ಎರಡೂ ತುದಿಗಳು ‘ಗಿಗಾಬಿಟ್’ ಎಂದು ಒಪ್ಪಿಕೊಂಡುಬಿಡುತ್ತವೆ. ಆಮೇಲೆ ನಾಲ್ಕೂ ಜೋಡಿ ಬಳಸಲು ಹೊರಟಾಗ ಉಳಿದೆರಡು ಸಿಗುವುದಿಲ್ಲ. ಜಾಣ ಕಾರ್ಡಾದರೆ ಕೆಲವು ಸಲ ಸೋತು ತಾನೇ 100ಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಲಿಂಕ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಇದನ್ನು ಕಂಡವರು ‘100 ಫುಲ್ ಎಂದು ಗಟ್ಟಿ ಮಾಡಿದೆ, ನಿಂತಿತು’ ಅನ್ನುತ್ತಾರೆ. ಲಿಂಕ್ ಕಡಿಯದೆ ನಿಂತಿತು, ನಿಜ. ಎದುರು ಕಡೆ ಆಟೋ ಇದ್ದರೆ ಡ್ಯೂಪ್ಲೆಕ್ಸ್ ತಪ್ಪಿ, ಒಂದು ತೊಂದರೆಯ ಜಾಗಕ್ಕೆ ಇನ್ನೊಂದು ಬಂತು. ಹಾಗೆ ಮಾಡುವುದಕ್ಕಿಂತ ಚೆನ್ನಾಗಿರುವ ಕ್ಯಾಟ್ 5ಇ ಕೇಬಲ್ ಹಾಕಿ, ಎಂಟೂ ತಂತಿ ಸರಿಯಾಗಿ ಕ್ರಿಂಪ್ ಮಾಡಿಸಿ. ಕೇಬಲಿನ ಒಟ್ಟು ಉದ್ದ 100 ಮೀಟರ್ ದಾಟಬಾರದು.

ವಿದ್ಯುತ್ ಉಳಿಸುವ ಸೆಟ್ಟಿಂಗುಗಳು

ಲ್ಯಾಪ್‌ಟಾಪ್ ಇಟ್ಟುಕೊಂಡವರು ಈ ಭಾಗವನ್ನು ಗಮನವಿಟ್ಟು ಓದಬೇಕು. ರಿಯಲ್‌ಟೆಕ್ ಚಿಪ್ ಇರುವ ಎಷ್ಟೋ ಕಾರ್ಡುಗಳಲ್ಲಿ ಆಟೋ ಡಿಸೇಬಲ್ ಗಿಗಾಬಿಟ್ ಎಂಬ ಸಾಲು ಇರುತ್ತದೆ. ಅದು ಆನ್ ಇದ್ದರೆ ಬ್ಯಾಟರಿಯ ಮೇಲೆ ಓಡುವಾಗ ಕಾರ್ಡು ತಾನಾಗೇ ಕಡಿಮೆ ವೇಗಕ್ಕೆ ಇಳಿಯುತ್ತದೆ. ಕರೆಂಟ್ ಹೋಯಿತು, ರೌಟರ್ ಯುಪಿಎಸ್ ಮೇಲೆ ಓಡುತ್ತಿದೆ, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿದೆ. ಆ ಹೊತ್ತಿಗೆ ಸರಿಯಾಗಿ ನೆಟ್ ನಿಧಾನ. ಬಳಸುವವರಿಗೆ ಇದು ಕರೆಂಟಿಗೂ ನೆಟ್‌ಗೂ ಏನೋ ನಂಟಿದ್ದಂತೆ ಕಾಣುತ್ತದೆ. ನಂಟು ಇರುವುದು ಈ ಒಂದು ಸಾಲಿನಲ್ಲಿ.

ಇನ್ನೊಂದು, ಶಟ್‌ಡೌನ್ ಲಿಂಕ್ ಸ್ಪೀಡ್. ಕಂಪ್ಯೂಟರ್ ಮಲಗಿದಾಗ ದೂರದಿಂದ ಎಬ್ಬಿಸಲು ಸಾಧ್ಯವಾಗಲಿ ಎಂದು ಕಾರ್ಡು ಎಚ್ಚರ ಇರುತ್ತದೆ, ಆದರೆ ವಿದ್ಯುತ್ ಉಳಿಸಲು 10 ಮೆಗಾಬಿಟ್‌ಗೆ ಇಳಿದಿರುತ್ತದೆ. ಎದ್ದ ಮೇಲೆ ಮತ್ತೆ ಒಪ್ಪಂದ ಮಾಡಿಕೊಂಡು ಏರಬೇಕು. ಡ್ರೈವರ್ ಹಳೆಯದಾದರೆ ಕೆಲವೊಮ್ಮೆ ಏರುವುದಿಲ್ಲ. ಸ್ಲೀಪ್‌ನಿಂದ ಎದ್ದ ಮೇಲೆ ಮಾತ್ರ ನಿಧಾನ, ಕೇಬಲ್ ಕಿತ್ತು ಹಾಕಿದರೆ ಸರಿ ಎಂದಾದರೆ ಇಲ್ಲಿ ನೋಡಿ.

ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ 2010ರಲ್ಲಿ ಮಾನದಂಡವಾಗಿ ಬಂದದ್ದು. ಕಳಿಸಲು ಏನೂ ಇಲ್ಲದಾಗ ಲಿಂಕ್ ಅರೆನಿದ್ದೆಗೆ ಜಾರುತ್ತದೆ, ಪ್ಯಾಕೆಟ್ ಬಂದಾಗ ಮೈಕ್ರೋಸೆಕೆಂಡುಗಳಲ್ಲಿ ಏಳುತ್ತದೆ. ವಿಚಾರ ಒಳ್ಳೆಯದು, ನಮಗೆ ಗೊತ್ತೇ ಆಗಬಾರದು. ಆದರೆ ಒಂದು ತುದಿ ಇದನ್ನು ಸರಿಯಾಗಿ ಮಾಡದಿದ್ದರೆ ಲಿಂಕ್ ಆಗಾಗ ಕಡಿಯುತ್ತದೆ, ಕಾಲ್ ಮಾಡುವಾಗ ದನಿ ತುಂಡಾಗುತ್ತದೆ. ಬಿಟ್ಟುಬಿಟ್ಟು ಬರುವ ತೊಂದರೆಗೆ ನಾನಾದರೆ ಮೊದಲು ಆಫ್ ಮಾಡಿ ನೋಡುವ ಸೆಟ್ಟಿಂಗ್ ಇದು. ಜತೆಗೆ ಗ್ರೀನ್ ಈಥರ್ನೆಟ್ ಎಂಬ ಸಾಲಿದ್ದರೆ ಅದನ್ನೂ. ಕಳೆದುಕೊಳ್ಳುವುದು ತೀರಾ ಸ್ವಲ್ಪ ವಿದ್ಯುತ್. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಕೊಡುವ ಟಿಕ್ ಇರುತ್ತದೆ. ಡೇಟಾ ಇಟ್ಟಿರುವ ಕಂಪ್ಯೂಟರಿನಲ್ಲಿ ಅದನ್ನು ತೆಗೆದುಬಿಡಿ.

ಸುಮ್ಮನೆ ಮುಟ್ಟಬಾರದ ಸಾಲುಗಳು

ಪಟ್ಟಿಯಲ್ಲಿ ಉಳಿದವನ್ನು ಕಾರಣ ಇಲ್ಲದೆ ಮುಟ್ಟದಿರುವುದೇ ಲೇಸು. ವೇಗ ಹೆಚ್ಚಿಸುವ ಗುಟ್ಟು ಎಂದು ವಿಡಿಯೊಗಳಲ್ಲಿ ಹೇಳುವ ಬಹಳಷ್ಟು ಬದಲಾವಣೆಗಳು ಇಲ್ಲಿಯವೇ.

ಜಂಬೊ ಫ್ರೇಮ್ ಅಂದರೆ 1500 ಬೈಟಿನ ಬದಲು 9000 ಬೈಟಿನ ಪ್ಯಾಕೆಟ್. ಎರಡು ಕಂಪ್ಯೂಟರುಗಳಲ್ಲಿ ಒಂದರಲ್ಲಿ ಮಾತ್ರ ಆನ್ ಇದ್ದರೆ ಟಿಸಿಪಿ ಸಣ್ಣ ಗಾತ್ರಕ್ಕೆ ಒಪ್ಪಿಕೊಳ್ಳುತ್ತದೆ, ಹೆಚ್ಚಿನ ತೊಂದರೆ ಇಲ್ಲ. ಎರಡರಲ್ಲೂ ಆನ್ ಇದ್ದು, ನಡುವಿನ ಸ್ವಿಚ್ಚಿಗೆ ಆ ಗಾತ್ರ ಬರದಿದ್ದರೆ ಕೆಲಸ ಕೆಟ್ಟಿತು. ಸ್ವಿಚ್ ದೊಡ್ಡ ಪ್ಯಾಕೆಟ್ಟನ್ನು ಸದ್ದಿಲ್ಲದೆ ಎಸೆಯುತ್ತದೆ, ಯಾರಿಗೂ ಹೇಳುವುದಿಲ್ಲ. ಪಾಸ್‌ವರ್ಡ್ ತಲುಪುತ್ತದೆ, ಫೋಲ್ಡರ್ ತೆರೆಯುತ್ತದೆ, ಫೈಲ್ ಕಾಪಿ ಮಾತ್ರ ಸೊನ್ನೆಯಲ್ಲಿ ನಿಲ್ಲುತ್ತದೆ. ವಿಂಡೋಸ್‌ನಲ್ಲಿ ಪಿಂಗ್ ಕಮಾಂಡಿಗೆ ಮೈನಸ್ ಎಫ್ ಕೊಟ್ಟರೆ ಪ್ಯಾಕೆಟ್ ತುಂಡಾಗಬಾರದು ಎಂದರ್ಥ, ಮೈನಸ್ ಎಲ್ ಕೊಟ್ಟು ಗಾತ್ರ ಹೇಳಬಹುದು. ಒಳಗಿನ ನೆಟ್‌ವರ್ಕಿನಲ್ಲಿ 1472 ಹೋಗಲೇಬೇಕು. 28 ಬೈಟ್ ತಲೆಬರಹ ಸೇರಿ 1500 ಆಗುತ್ತದೆ. ಪಿಪಿಪಿಒಇ (ಯೂಸರ್‌ನೇಮ್ ಕೊಟ್ಟು ಲಾಗಿನ್ ಆಗುವ ವಿಧಾನ) ಬಳಸುವ ಫೈಬರ್ ಸಂಪರ್ಕದಲ್ಲಿ ಹೊರಗಿನ ವಿಳಾಸಕ್ಕೆ ಸಾಮಾನ್ಯವಾಗಿ 1464ರವರೆಗೆ ಹೋಗುತ್ತದೆ, ಅದು ಸಹಜ.

ಲಾರ್ಜ್ ಸೆಂಡ್ ಆಫ್‌ಲೋಡ್, ಚೆಕ್‌ಸಮ್ ಆಫ್‌ಲೋಡ್ ಇವೆಲ್ಲ ಪ್ರೊಸೆಸರಿನ ಕೆಲಸವನ್ನು ಕಾರ್ಡಿಗೆ ವಹಿಸುವ ಏರ್ಪಾಡು. ದೊಡ್ಡ ಡೇಟಾವನ್ನು ಪ್ಯಾಕೆಟ್‌ಗಳಾಗಿ ಕತ್ತರಿಸುವುದನ್ನು ಕಾರ್ಡೇ ಮಾಡುತ್ತದೆ. ಸಾಮಾನ್ಯವಾಗಿ ಆನ್ ಇರುವುದೇ ಒಳ್ಳೆಯದು. ಡ್ರೈವರಿನಲ್ಲಿ ದೋಷ ಇದ್ದಾಗ ಇವೇ ನಿಧಾನಕ್ಕೆ ಕಾರಣವಾಗುತ್ತವೆ, ಅದರಲ್ಲೂ ಒಂದು ಕಂಪ್ಯೂಟರಿನೊಳಗೆ ವರ್ಚುವಲ್ ಮೆಷಿನ್‌ಗಳನ್ನು (ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರುಗಳನ್ನು) ಓಡಿಸುವಾಗ. ವರ್ಚುವಲ್ ಮೆಷಿನ್ ಓಡಿಸಲು ವಿಂಡೋಸ್ ಸರ್ವರ್ 2012ರಲ್ಲಿರುವ ಹೈಪರ್-ವಿ ಜತೆ ಬ್ರಾಡ್‌ಕಾಮ್‌ನ 1 ಗಿಗಾಬಿಟ್ ಕಾರ್ಡುಗಳಿದ್ದರೆ ವಿಎಂಕ್ಯೂ ಎಂಬ ಸೆಟ್ಟಿಂಗಿನಿಂದ ವರ್ಚುವಲ್ ಮೆಷಿನ್‌ಗಳ ನೆಟ್‌ವರ್ಕ್ ತೀರಾ ನಿಧಾನವಾಗುತ್ತಿತ್ತು. ಮೈಕ್ರೋಸಾಫ್ಟೇ ಇದನ್ನು ದಾಖಲಿಸಿದೆ. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಬಳಸುವವರಿಗೆ ಒಂದು ಮಾತು: ಆಫ್‌ಲೋಡ್ ಆನ್ ಇದ್ದಾಗ ನಿಮ್ಮ ಕಂಪ್ಯೂಟರಿನಿಂದ ಹೊರಡುವ ಪ್ಯಾಕೆಟ್‌ಗಳಲ್ಲಿ ಚೆಕ್‌ಸಮ್ ತಪ್ಪಿದಂತೆ ಕಾಣಬಹುದು. ಕಾರ್ಡು ಆ ಸಂಖ್ಯೆ ತುಂಬುವ ಮೊದಲೇ ವೈರ್‌ಶಾರ್ಕ್ ಪ್ಯಾಕೆಟ್ ಹಿಡಿದಿರುತ್ತದೆ, ಅಷ್ಟೆ. ಹೆದರಬೇಡಿ.

ಫ್ಲೋ ಕಂಟ್ರೋಲ್ ಆನ್ ಇದ್ದರೆ ತುಂಬಿಹೋದ ಕಾರ್ಡು ಎದುರಿನವರಿಗೆ ‘ಸ್ವಲ್ಪ ನಿಲ್ಲಿ’ ಎಂದು ಹೇಳಬಹುದು. ಗಿಗಾಬಿಟ್‌ನಲ್ಲಿ ಒಂದು ಸಲ ಹೇಳಿದರೆ ಹೆಚ್ಚೆಂದರೆ 33 ಮಿಲಿಸೆಕೆಂಡಿನಷ್ಟು ನಿಲ್ಲುತ್ತಾರೆ. ಒಂದು ಮುದಿ ಕಂಪ್ಯೂಟರ್ ಮತ್ತೆಮತ್ತೆ ನಿಲ್ಲಿಸುತ್ತಿದ್ದರೆ, ಕೆಲವು ಸ್ವಿಚ್ಚುಗಳು ಆ ತಡೆಯನ್ನು ಸರ್ವರ್ ಕಂಪ್ಯೂಟರಿಗೂ ದಾಟಿಸುತ್ತವೆ. ಆಗ ಆ ಸರ್ವರ್ ಕಂಪ್ಯೂಟರನ್ನು ನೆಚ್ಚಿಕೊಂಡ ಉಳಿದವರಿಗೂ ನಿಧಾನ. ಎಲ್ಲರಿಗೂ ಒಟ್ಟಿಗೆ ನಿಧಾನವಾಗಿ, ಒಂದು ಕಂಪ್ಯೂಟರ್ ಕಿತ್ತಾಗ ಎಲ್ಲರಿಗೂ ಸರಿಹೋದರೆ ಇದನ್ನು ಸಂಶಯಿಸಿ.

ಆಟೋದಲ್ಲೇ ಇಟ್ಟರೂ ಕೆಡುವ ಅಪರೂಪದ ಪ್ರಸಂಗವೂ ಉಂಟು. ಇಂಟೆಲ್‌ನ ಐ225 ಎಂಬ 2.5 ಗಿಗಾಬಿಟ್ ಚಿಪ್ಪಿನ ಮೊದಲ ಆವೃತ್ತಿಗಳು ಪ್ಯಾಕೆಟ್‌ಗಳ ನಡುವೆ ಬಿಡಬೇಕಾದ ಜಾಗವನ್ನು ಸರಿಯಾಗಿ ಬಿಡುತ್ತಿರಲಿಲ್ಲ. ಕೆಲವು ಸ್ವಿಚ್ಚುಗಳ ಜತೆ ಪ್ಯಾಕೆಟ್ ಕಳೆದು ವೇಗ ನೆಲಕಚ್ಚುತ್ತಿತ್ತು. ವೇಗವನ್ನು 1 ಗಿಗಾಬಿಟ್‌ಗೆ ಇಳಿಸುವುದೇ ಆಗ ಸಿಕ್ಕ ಪರಿಹಾರ.

ವೈಫೈ ಕಾರ್ಡಾದರೆ ಮುಖ್ಯವಾಗಿ ಒಂದು ಅಂಕಿ ನೋಡಿ: 54. ಲಿಂಕ್ ವೇಗ 54 ದಾಟುತ್ತಲೇ ಇಲ್ಲವೆಂದರೆ ರೌಟರಿನಲ್ಲಿ ಹಳೆಯ ಟಿಕೆಐಪಿ ಭದ್ರತೆ ಇದೆಯೋ, ಡಬ್ಲ್ಯುಎಂಎಂ (ಯಾವ ಡೇಟಾಗೆ ಆದ್ಯತೆ ಎಂದು ನೋಡುವ ವೈಫೈ ಸೆಟ್ಟಿಂಗ್) ಆಫ್ ಆಗಿದೆಯೋ ನೋಡಬೇಕು. ಇವೆರಡರಲ್ಲಿ ಒಂದಿದ್ದರೂ ಹೊಸ ಕಾರ್ಡು ಹಳೆಯ ವೇಗಕ್ಕೇ ಇಳಿಯುತ್ತದೆ. ಕಾರ್ಡಿನ ಕಡೆ ಪ್ರಿಫರ್ಡ್ ಬ್ಯಾಂಡ್ ಎಂಬ ಸಾಲಿನಲ್ಲಿ 5 ಗಿಗಾಹರ್ಟ್ಸ್ ಆರಿಸಿದರೆ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಅನುಕೂಲ.

ಬದಲಿಸುವ ಮುನ್ನ

ಅಡ್ವಾನ್ಸ್ಡ್ ಟ್ಯಾಬಿನ ಪ್ರತಿ ಸಾಲಿನ ಈಗಿನ ಬೆಲೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅದೇ ಅಳತೆ. ಫಲ ಸಿಗದಿದ್ದರೆ ಹಳೆಯ ಬೆಲೆಗೆ ವಾಪಸ್. ನಾಲ್ಕು ಸಾಲು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಬೇಕು.

ಪ್ರತಿ ಬದಲಾವಣೆಗೂ ಲಿಂಕ್ ಒಮ್ಮೆ ಕಡಿದು ಬರುತ್ತದೆ. ಹಾಗಾಗಿ ಎನಿಡೆಸ್ಕ್ ಅಥವಾ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಕೂತು ದೂರದ ಊರಿನ ಬ್ರಾಂಚಿನ ಕಾರ್ಡಿಗೆ ಕೈಹಾಕಬೇಡಿ. ಲಿಂಕ್ ವಾಪಸ್ ಬರದಿದ್ದರೆ ಬಸ್ ಹತ್ತಿ ಹೋಗಬೇಕಾಗುತ್ತದೆ. ಅಲ್ಲಿ ಒಬ್ಬರನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು ಮಾಡಿ. ಸೆಟ್ಟಿಂಗುಗಳು ಪೂರ್ತಿ ಗೋಜಲಾಗಿದ್ದರೆ, ತಯಾರಕರ ಸೈಟಿನಿಂದ ಡ್ರೈವರ್ ಇಳಿಸಿಟ್ಟುಕೊಂಡು, ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ. ಬಹುತೇಕ ಎಲ್ಲ ಸಾಲುಗಳೂ ಮೊದಲಿನ ಬೆಲೆಗೆ ಬರುತ್ತವೆ. ಐಪಿ ವಿಳಾಸ ಕೈಯಾರೆ ಕೊಟ್ಟಿದ್ದರೆ ಅದನ್ನು ಮೊದಲು ಬರೆದಿಟ್ಟುಕೊಳ್ಳಿ, ಅದೂ ಅಳಿಸಿಹೋಗುತ್ತದೆ.

ಮಲೆನಾಡು, ಕರಾವಳಿಯ ಕಡೆಯವರು ಇನ್ನೊಂದನ್ನು ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಲ್ಯಾನ್ ಪೋರ್ಟ್ ಯಾವಾಗಲೂ ಪೂರ್ತಿ ಸುಡುವುದಿಲ್ಲ. ಕೆಲವು ಸಲ ದೀಪ ಉರಿಯುತ್ತದೆ, ಲಿಂಕ್ 10ಕ್ಕೋ 100ಕ್ಕೋ ನಿಲ್ಲುತ್ತದೆ, ಸಿಆರ್‌ಸಿ ಎರರ್ ಏರುತ್ತಾ ಹೋಗುತ್ತದೆ. ನೋಡಲು ಸೆಟ್ಟಿಂಗಿನ ತಪ್ಪಿನಂತೆಯೇ ಇರುತ್ತದೆ, ಆದರೆ ಯಾವ ಸೆಟ್ಟಿಂಗಿಗೂ ಬಗ್ಗುವುದಿಲ್ಲ. ಇದನ್ನು ಬೇರ್ಪಡಿಸಲು ಅದೇ ಕೇಬಲನ್ನು ಸ್ವಿಚ್ಚಿನ ಬೇರೆ ಪೋರ್ಟಿಗೆ ಹಾಕಿ ನೋಡಿ. ಎರರ್ ನಿಂತರೆ ಸ್ವಿಚ್ಚಿನ ಆ ಪೋರ್ಟ್ ಹೋಗಿದೆ. ಅದಕ್ಕೆ ಟೇಪ್ ಅಂಟಿಸಿ ಮುಚ್ಚಿಬಿಡಿ, ಇಲ್ಲದಿದ್ದರೆ ನಾಳೆ ಇನ್ಯಾರೋ ಅಲ್ಲಿಗೇ ಕೇಬಲ್ ಹಾಕುತ್ತಾರೆ. ನಿಲ್ಲದಿದ್ದರೆ ಅದೇ ಕೇಬಲಿಗೆ ಬೇರೆ ಲ್ಯಾಪ್‌ಟಾಪ್ ಸಿಕ್ಕಿಸಿ. ಅದರಲ್ಲಿ ಸರಿ ಬಂದರೆ ನಿಮ್ಮ ಕಂಪ್ಯೂಟರಿನ ಪೋರ್ಟೇ ಹೋಗಿದೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗಿನಲ್ಲಿ) ಒಳಗಿನ ಲ್ಯಾನ್ ಆಫ್ ಮಾಡಿ, ಒಂದು ಗಿಗಾಬಿಟ್ ಕಾರ್ಡು ಹಾಕಿಸಿ, ಇಲ್ಲವೇ ಯುಎಸ್‌ಬಿ 3 ಅಡಾಪ್ಟರ್ ತನ್ನಿ. ಅಡಾಪ್ಟರನ್ನು ಯುಎಸ್‌ಬಿ 3 ಪೋರ್ಟಿಗೇ ಹಾಕಬೇಕು. ಯುಎಸ್‌ಬಿ 2 ಪೋರ್ಟಿನ ಮಿತಿಯೇ 480 ಮೆಗಾಬಿಟ್; ಅಲ್ಲಿ ಸಿಕ್ಕಿಸಿದರೆ ಗಿಗಾಬಿಟ್ ಅಡಾಪ್ಟರಿಗೂ ಗಿಗಾಬಿಟ್ಟಿನ ಅರ್ಧ ವೇಗ ಮುಟ್ಟಲು ಆಗುವುದಿಲ್ಲ.